ತಾಳಿಕೆಯ ಹೊತ್ತು

(ಬಾನುಲಿ ಭಾಷಣ)



ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದ ಒಬ್ಬ ಅಧ್ಯಾಪಕ ಓಟ, ನಡಿಗೆ, ದಮ್ಮು ಇವುಗಳ ಬಗೆಗೆ ಮಾತನಾಡಲು ಹೊರಟಿದ್ದಾನೆಂದರೆ ನೀವು ನಕ್ಕೀರಿ. ನಗುವುದು ಸಹಜವೇ. ವ್ಯಾಕರಣದ ಮೇಷ್ಟರಿಗೂ ವ್ಯಾಯಾಮದ ಮೇಷ್ಟರಿಗೂ ಇರುವ ಅಂತರ ನನಗೂ ಗೊತ್ತು. ಆದರೆ ಈ ವಿಷಯಕ್ಕೆ ನಾನು ಬಂದದ್ದು ಒಂದು ಶಬ್ದದ ಮೂಲಕ. ‘ತಾಳಿಕೆ’, ‘ತಾಳ್ಮೆ’ ಎಂಬ ಎರಡೂ ಶಬ್ದಗಳು ‘ತಾಳ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಒಂದು ಮೈಗೆ ಸೇರಿದ್ದು, ಇನ್ನೊಂದು ಮನಸ್ಸಿಗೆ. ಮೈಯ ತಾಳಿಕೆಯನ್ನು ಗಳಿಸಲು ಹೊರಟ ನಾನು ಮನೆಯವರ ತಾಳ್ಮೆಯನ್ನು ಹೇಗೆ ಖರ್ಚುಮಾಡಿದೆ, ಬಳಿಕ ಆ ಲೆಕ್ಕವನ್ನು ಹೇಗೆ ಸರಿಪಡಿಸಿಕೊಳ್ಳಬೇಕಾಯಿತು ಎಂಬುದೇ ಇಂದಿನ ಮಾತು.

ತಾಳಿಕೆಯೆಂದರೆ ನಾನು ಹೇಳುವುದು ಇಷ್ಟನ್ನೇ: ನಡೆಯುವುದು, ಓಡುವುದು, ಸೈಕಲ್ ತುಳಿಯುವುದು, ಗುಡ್ಡ ಹತ್ತುವುದು ಇಂಥ ಯಾವುದಾದರೊಂದು ಶ್ರಮವನ್ನು ಏದುಸಿರು ಬಿಡದೆ ಬಹಳ ಹೊತ್ತು ಮಾಡಬಲ್ಲ ಶಕ್ತಿ. ಇದು ಒಂದು ದಿನದಲ್ಲಿ ಬರುವುದಿಲ್ಲ. ವಾರ ವಾರವೂ ಅದಕ್ಕೆಂದು ಒಂದಿಷ್ಟು ಹೊತ್ತನ್ನು ಕೊಡಬೇಕು. ಉದ್ಯೋಗ, ಸಂಸಾರ, ತೋಟ, ಮದುವೆ ಮುಂಜಿಗಳ ನಡುವೆ ಆ ಹೊತ್ತು ಎಲ್ಲಿಂದ ಬರಬೇಕು? ಪ್ರಶ್ನೆ ಇರುವುದು ಇಲ್ಲಿ.

ಬೆಳ್ತಂಗಡಿಯ ಕಡೆಗೆ ಹೋದವರೆಲ್ಲ ಗಡಾಯಿಕಲ್ಲನ್ನು ನೋಡಿರುತ್ತೀರಿ. ಆಕಾಶಕ್ಕೆ ನೆಟ್ಟ ಒಂದೇ ಬಂಡೆಯಂತೆ ಕಾಣುವ ಈ ಬೆಟ್ಟದ ನೆತ್ತಿಯಲ್ಲಿ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದನು. ಎತ್ತರ ಸುಮಾರು 1700 ಅಡಿ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 1800ಕ್ಕೂ ಮಿಕ್ಕಿವೆ. 2002ರ ಡಿಸೆಂಬರಿನಲ್ಲಿ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಆಗ ನನಗೆ ನಲವತ್ತೆರಡು ವರ್ಷ. ಕೋಟೆಯ ಇತಿಹಾಸವನ್ನು ಮೇಲೆ ನಿಂತು ಹೇಳುತ್ತೇನೆಂದು ಬುಡದಲ್ಲಿ ಘೋಷಿಸಿದವನು ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹುಡುಗರು ಮೇಲೇರಿದರು. ಇಬ್ಬರು ಹುಡುಗಿಯರು ಮಾತ್ರ, “ಸರ್, ನಮಗೂ ಸುಸ್ತಾಗಿದೆ” ಎಂದು ಸುಳ್ಳು ಹೇಳಿ ನನ್ನ ಜತೆಯಲ್ಲೇ ಉಳಿದರು. ಆ ಸುಳ್ಳಿನ ದಯೆ ನನಗೆ ಬಂಡೆಗಿಂತ ಭಾರವಾಗಿ ತೋರಿತು.

ವೈದ್ಯರು ಪರೀಕ್ಷಿಸಿ, “ಹೃದಯಕ್ಕೆ ರೋಗವೇನೂ ಇಲ್ಲ, ಕೆಲಸವಿಲ್ಲ ಅಷ್ಟೆ” ಎಂದರು. ಮರುವಾರದಿಂದಲೇ ನಾನು ಮೂಡುಬಿದಿರೆಯ ಸ್ವರಾಜ್ಯ ಮೈದಾನಕ್ಕೆ ಬೆಳಗ್ಗೆ ಐದಕ್ಕೆ ಹೋಗತೊಡಗಿದೆ. ಆಗ ಅಲ್ಲಿ ಈಗಿನ ಸಿಂಥೆಟಿಕ್ ಟ್ರ್ಯಾಕ್ ಇರಲಿಲ್ಲ. ಬರೇ ಮಣ್ಣಿನ ಬಯಲು. ಮೊದಲು ನಡಿಗೆ, ಬಳಿಕ ನಡಿಗೆಯ ನಡುವೆ ಓಟ, ನಾಲ್ಕು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದ ಓಟ. ನಡು ವಯಸ್ಸಿನಲ್ಲಿ ಹಿಡಿಯುವ ಹುಚ್ಚು ಹರೆಯದ ಹುಚ್ಚಿಗಿಂತ ಬಲವಾದುದು. ಅರ್ಧ ಗಂಟೆ ಒಂದು ಗಂಟೆಯಾಯಿತು. ಭಾನುವಾರಗಳಲ್ಲಿ ಎರಡು ಗಂಟೆಯಾಯಿತು. ಓಡಿದ ಮೈಲಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅದರಲ್ಲಿ ಮನೆಯ ಸುದ್ದಿ ಒಂದಕ್ಷರವೂ ಇರಲಿಲ್ಲ.

2003ರ ಒಂದು ಭಾನುವಾರ ವೇಣೂರಿನ ಹಾದಿಯಲ್ಲಿ ದೂರದ ಓಟ ಮುಗಿಸಿ ಎಂಟೂವರೆಗೆ ಹಿಂದಿರುಗಿದೆ. ಗೆದ್ದುಬಂದವನ ಹುಮ್ಮಸ್ಸು. ಮನೆಯೊಳಗೆ ಮಾತಿಲ್ಲ. ಪತ್ನಿ ಹಿಂದಿನ ರಾತ್ರಿಯೇ ಹತ್ತಿದ ಜ್ವರದಲ್ಲಿ ಮಲಗಿದ್ದಳು. ನನ್ನ ಓಟಕ್ಕೆ ಅಡ್ಡಿಯಾದೀತೆಂದು ಹೇಳಿರಲಿಲ್ಲ. ಒಂಬತ್ತು ವರ್ಷದ ಮಗಳು ಅಜ್ಜಿಗೆ ಹಸಿವಾಗುತ್ತದೆಂದು ಮಣೆಯ ಮೇಲೆ ಹತ್ತಿ ನಿಂತು ಗಂಜಿಯ ಪಾತ್ರೆಯನ್ನು ಇಳಿಸಲು ಹೋಗಿ ಮುಂಗೈಗೆ ಚೆಲ್ಲಿಕೊಂಡಿದ್ದಳು. ಸುಟ್ಟದ್ದು ದೊಡ್ಡದಲ್ಲ. ಆದರೆ ಆ ಕಲೆ ಇಂದಿಗೂ ಅವಳ ಕೈಯಲ್ಲಿದೆ. ಅವಳು ಅದನ್ನು ಮರೆತಿದ್ದಾಳೆ, ನಾನು ಮರೆತಿಲ್ಲ.

ಅಂದು ಸಂಜೆ ನನ್ನಾಕೆ ಹೇಳಿದ ಮಾತು ಇದು: “ನೀವು ಓಡುವುದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನೀವು ಓಡುವ ಹೊತ್ತು ನಿಮ್ಮದಲ್ಲ, ನನ್ನದು. ಕೇಳಿ ತೆಗೆದುಕೊಂಡಿದ್ದರೆ ಕೊಡುತ್ತಿದ್ದೆ.”

ಕೇಳುಗರೇ, ಮೂಡುಬಿದಿರೆ ರತ್ನಾಕರವರ್ಣಿಯ ಊರು. ಹದಿನಾರನೆಯ ಶತಮಾನದ ಈ ಕವಿ ತನ್ನ ‘ಭರತೇಶ ವೈಭವ’ದಲ್ಲಿ ರಾಜ್ಯ, ಅಂತಃಪುರ, ಮಕ್ಕಳು ಎಲ್ಲದರ ನಡುವೆ ಇದ್ದುಕೊಂಡೇ ಆತ್ಮಸಾಧನೆ ಮಾಡುವ ಚಕ್ರವರ್ತಿಯನ್ನು ಚಿತ್ರಿಸಿದ್ದಾನೆ. ಭೋಗದ ನಡುವೆ ಯೋಗ ಸಾಧ್ಯವೆಂಬ ಈ ಮಾತನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೊಗಳಿ ಪಾಠ ಮಾಡಿದ್ದೆ. ಅಂದಿನ ರಾತ್ರಿ ಮಾತ್ರ ಒಂದು ಸಂಶಯ ತಲೆಯೆತ್ತಿತು. ಚಕ್ರವರ್ತಿ ಕಣ್ಣು ಮುಚ್ಚಿ ಕುಳಿತಾಗ ಅರಮನೆಯ ಅಡುಗೆಯೇನೂ ನಿಲ್ಲುತ್ತಿರಲಿಲ್ಲ, ಆಳುಕಾಳುಗಳಿದ್ದರು. ಬಾವಿಯಿಂದ ನೀರು ಸೇದಿ ಒಲೆ ಹೊತ್ತಿಸಬೇಕಾದ ಮನೆಯಲ್ಲಿ ಒಬ್ಬನು ಸಾಧನೆಗೆ ಕುಳಿತರೆ ಇನ್ನೊಬ್ಬರು ಎರಡು ಪಾಲು ಏಳಬೇಕಾಗುತ್ತದೆ. ಇದು ಕವಿಯ ತಪ್ಪಲ್ಲ, ನನ್ನ ಓದಿನ ಕೊರತೆ.

ಹಾಗಾದರೆ ಸಂಸಾರಸ್ಥನಿಗೆ ಸಾಧನೆ ಬೇಡವೆ? ಬೇಕು. ಮೊದಲು ನಮ್ಮ ಊರಿನಲ್ಲೇ ಇರುವ ಸಾಧಕರನ್ನು ನೋಡೋಣ.

ನಮ್ಮ ಕಡೆ ನವೆಂಬರಿನಿಂದ ಮಾರ್ಚಿಯವರೆಗೆ ವಾರಾಂತ್ಯಗಳಲ್ಲಿ ಕಂಬಳ. ಮೂಡುಬಿದಿರೆಯ ಕಡಲಕೆರೆ, ವೇಣೂರು, ಐಕಳ ಹೀಗೆ ಒಂದೊಂದು ವಾರ ಒಂದೊಂದು ಕರೆ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರು ಕೆಸರುಗದ್ದೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಜಗತ್ತಿನ ಗಮನ ಸೆಳೆದರು. ಪತ್ರಿಕೆಗಳು ಉಸೈನ್ ಬೋಲ್ಟರ ಹೆಸರನ್ನು ಜೋಡಿಸಿದವು. ಕೋಣಗಳ ಎಳೆತವಿರುವ ಓಟವನ್ನು ಬರಿಯ ಕಾಲಿನ ಓಟದೊಡನೆ ತೂಗುವುದು ಸರಿಯಲ್ಲ. ಎರಡೂ ಬೇರೆಯೆಂಬುದನ್ನು ಗೌಡರೂ ಹೇಳಿ, ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆ ಬಂದಾಗ ನಯವಾಗಿ ಹಿಂದೆ ಸರಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆಕೆಂಡುಗಳಲ್ಲ, ಅವರ ಕಸುಬು. ಅವರು ಕಟ್ಟಡ ಕಾರ್ಮಿಕರು. ಕಲ್ಲು ಹೊರುವ, ಕಾಂಕ್ರೀಟು ಸುರಿಯುವ ಕೆಲಸದ ನಡುವೆ ಬೆಳೆದ ಮೈ ಅದು. ಕಂಬಳದ ಓಟ ಗಳಿಗೆಯಲ್ಲಿ ಮುಗಿಯುತ್ತದೆ, ನಿಜ. ಆದರೆ ಹಗಲೂ ರಾತ್ರಿಯೂ ನಡೆಯುವ ಕೂಟದಲ್ಲಿ ಸುತ್ತಿನ ಮೇಲೆ ಸುತ್ತು ಇಳಿಯಬೇಕಾದರೆ ತಾಳಿಕೆಯೂ ಬೇಕು. ಆ ತಾಳಿಕೆಯ ಬಹುಪಾಲು ದುಡಿಮೆಯಲ್ಲೇ ಗಳಿಸಿದ್ದು.

ದುಡಿಮೆ ಹೃದಯವನ್ನು ಕಾಯುತ್ತದೆಂಬ ಮಾತಿಗೆ ವಿಜ್ಞಾನದ ಆಧಾರವೂ ಇದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಜೆರೆಮಿ ಮಾರಿಸ್ ಎಂಬ ವೈದ್ಯರು ಹೋಲಿಸಿ ನೋಡಿದರು. ಅವರ ಬರಹ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಡೀ ದಿನ ಕುಳಿತಿರುವ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಾಗಿತ್ತು. ಬಸ್ಸು ಒಂದೇ, ಸಂಬಳದ ದಿನವೂ ಒಂದೇ, ಬೇರೆಯಾಗಿದ್ದುದು ಮೆಟ್ಟಿಲು. ಮಾರಿಸರು ತೊಂಬತ್ತೊಂಬತ್ತು ವರ್ಷ ಬದುಕಿದರು.

ಆದರೆ ದುಡಿಮೆಯೆಲ್ಲವೂ ವ್ಯಾಯಾಮವೆಂದು ತಿಳಿಯುವುದು ಇನ್ನೊಂದು ತಪ್ಪು. ಬಂಟ್ವಾಳ, ಬೆಳ್ತಂಗಡಿಗಳ ಹಳ್ಳಿಗಳಲ್ಲಿ ತಲೆಮಾರುಗಳಿಂದ ಸಾವಿರಾರು ಹೆಂಗಸರು ಬೀಡಿ ಕಟ್ಟಿ ಮನೆ ನಡೆಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ತೊಡೆಯ ಮೇಲೆ ಮೊರ, ಕೈಯಲ್ಲಿ ಕತ್ತರಿ, ಬಗ್ಗಿದ ಕತ್ತು. ಆ ದುಡಿಮೆಯಲ್ಲಿ ಬೆರಳು ಓಡುತ್ತದೆ, ಕಾಲು ಓಡುವುದಿಲ್ಲ. ಅವರು ಸಂಜೆ ಬೀಡಿಯ ಕಟ್ಟು ಹಿಡಿದು ಬ್ರಾಂಚಿಗೆ ನಡೆಯುವ ಹಾದಿಯೊಂದೇ ಹೃದಯಕ್ಕೆ ಸಿಗುವ ಕೆಲಸ. “ದುಡಿಯುವ ಹೆಂಗಸಿಗೆ ಬೇರೆ ವ್ಯಾಯಾಮವೇಕೆ?” ಎಂದು ಕೇಳುವ ಗಂಡಸರು ಇದನ್ನು ಗಮನಿಸಬೇಕು. ನಾನೂ ಹಾಗೆ ಕೇಳಿದವರಲ್ಲೊಬ್ಬ.

ಇನ್ನು, ತಾಳಿಕೆಗೆ ಎಷ್ಟು ಹೊತ್ತು ಬೇಕು? ನಾವು ಹೆದರುವಷ್ಟು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸವಿರಬೇಕು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕವೆಂಬ ಹಿಂದಿನ ನಿಯಮವನ್ನೂ ಅವರು ಬಿಟ್ಟುಕೊಟ್ಟರು. ಮೆಟ್ಟಿಲು ಹತ್ತಿದ್ದು, ಬಸ್ಸಿಗೆ ಓಡಿದ್ದು ಎಲ್ಲವೂ ಜಮೆಯಾಗುತ್ತದೆ. ವಾರದಲ್ಲಿರುವ 168 ಗಂಟೆಗಳಲ್ಲಿ ಎರಡೂವರೆ ಗಂಟೆ ಎಂದರೆ ಹೆಚ್ಚೇನೂ ಅಲ್ಲ.

ಇನ್ನೊಂದು ಸಮಾಧಾನದ ಸಂಗತಿಯಿದೆ. ತಾಳಿಕೆಯನ್ನು ಗಳಿಸುವುದು ಕಷ್ಟ, ಉಳಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ. ಅಮೆರಿಕದ ಹಿಕ್ಸನ್ ಮತ್ತು ಜತೆಗಾರರು 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವರನ್ನು ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಪಳಗಿಸಿದರು. ಬಳಿಕ ಕೆಲವರಿಗೆ ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರು. ಶ್ರಮದ ತೀವ್ರತೆಯನ್ನು ಮಾತ್ರ ಇಳಿಸಲಿಲ್ಲ. ಹದಿನೈದು ವಾರ ಕಳೆದರೂ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಶಕ್ತಿ ಕುಗ್ಗಲಿಲ್ಲ. ಪರೀಕ್ಷೆಯ ತಿಂಗಳು, ಅಡಕೆ ಕೊಯ್ಲಿನ ತಿಂಗಳು, ಮನೆಯಲ್ಲಿ ಬಾಣಂತನದ ತಿಂಗಳು ಇವುಗಳಲ್ಲಿ ಎಲ್ಲವನ್ನೂ ಕೈಬಿಡಬೇಕಾಗಿಲ್ಲ. ಎರಡು ದಿನ ಉಳಿಸಿಕೊಂಡರೆ ಸಾಕು.

ವೇಗದ ವಿಷಯದಲ್ಲಿ ಒಂದು ಸುಲಭದ ಅಳತೆಯಿದೆ. ಜತೆಗಾರನೊಡನೆ ಮಾತನಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಉಸಿರಿದ್ದರೆ ಅದು ಮಧ್ಯಮ ಶ್ರಮ. ಮಾತೂ ತುಂಡಾದರೆ ತೀವ್ರ ಶ್ರಮ. ಆರಂಭಿಸುವವರು ಹೆಚ್ಚಿನ ದಿನ ಮಾತಿನ ಒಳಗೇ ಇರಬೇಕು. ನೇಜಿ ನೆಡುವ ನಮ್ಮ ಹೆಂಗಸರು ಪಾಡ್ದನ ಹೇಳುತ್ತ ಕೆಲಸ ಮಾಡುತ್ತಿದ್ದುದನ್ನು ನೆನೆಸಿಕೊಳ್ಳಿ. ಬೆಳಗಿನಿಂದ ಬೈಗಿನವರೆಗೆ ಬಗ್ಗಿ ನೆಡಬೇಕಾದವರು ಹಾಡಲು ಉಸಿರು ಉಳಿಯುವ ಹದದಲ್ಲೇ ಕೈ ಆಡಿಸುತ್ತಿದ್ದರು. ಮೊದಲ ಗಳಿಗೆಯಲ್ಲೇ ಉಸಿರು ಮುಗಿಸುವವನು ಗದ್ದೆ ಮುಗಿಸಲಾರನೆಂಬುದನ್ನು ಅವರಿಗೆ ಯಾವ ತರಬೇತುದಾರನೂ ಕಲಿಸಿರಲಿಲ್ಲ.

ಈಗ ನಮ್ಮ ಮನೆಯ ಏರ್ಪಾಡನ್ನು ಹೇಳುತ್ತೇನೆ. ಎಲ್ಲರಿಗೂ ಒಗ್ಗೀತೆಂದಲ್ಲ, ಒಂದು ಉದಾಹರಣೆಯಾಗಿ. ಮೊದಲನೆಯದಾಗಿ, ಓಟವನ್ನು ವಾರಕ್ಕೆ ಮೂರು ಬೆಳಗಿಗೆ ಇಳಿಸಿದೆ. ಉಳಿದ ಬೆಳಗುಗಳಲ್ಲಿ ನೀರು ಸೇದುವುದು, ಒಲೆ ಹೊತ್ತಿಸುವುದು, ಅಮ್ಮನಿಗೆ ಗಂಜಿ ಮಾಡಿಕೊಡುವುದು ನನ್ನ ಪಾಲು. ಇಪ್ಪತ್ತು ಕೊಡ ನೀರು ಸೇದಿ ನೋಡಿ, ಭುಜಕ್ಕೆ ಬೇರೆ ಕಸರತ್ತು ಬೇಕಾಗುವುದಿಲ್ಲ. ಎರಡನೆಯದಾಗಿ, ಬಂಟ್ವಾಳದ ಕಡೆಯ ಕಾಲೇಜಿನಿಂದ ಸಿದ್ಧಕಟ್ಟೆಯ ಮೇಲಾಗಿ ಬರುವ ಸಂಜೆಯ ಬಸ್ಸಿನಿಂದ ಪೇಟೆಗೆ ಒಂದೂವರೆ ಮೈಲು ಮೊದಲೇ ಇಳಿದು ಬಿರುಸಾಗಿ ನಡೆಯತೊಡಗಿದೆ. “ಮಾಸ್ಟ್ರೇ, ಸ್ಟಾಪು ಬರಲಿಲ್ಲ” ಎಂದು ಕಂಡಕ್ಟರು ಮೊದಲ ವಾರವೆಲ್ಲ ಹೇಳಿದ. ಎರಡನೆಯ ವಾರದಿಂದ ತಾನೇ ಬೆಲ್ ಬಾರಿಸತೊಡಗಿದ. ಈ ನಡಿಗೆಗೆ ಮನೆಯ ಒಂದು ನಿಮಿಷವೂ ಖರ್ಚಾಗಲಿಲ್ಲವೆಂದರೆ ಸುಳ್ಳಾದೀತು. ಹದಿನೈದು ನಿಮಿಷ ತಡವಾಗುತ್ತಿತ್ತು. ಆದರೆ ಈ ಸಲ ಕೇಳಿ ತೆಗೆದುಕೊಂಡಿದ್ದೆ.

ಮೂರನೆಯದಾಗಿ, ಇದೇ ಮುಖ್ಯವಾದುದು, ಸಂಜೆ ಆರರಿಂದ ಏಳರ ಹೊತ್ತನ್ನು ನನ್ನಾಕೆಗೆ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದರೂ ತಪ್ಪು. ಅವಳದನ್ನು ಅವಳಿಗೆ ಹಿಂದಿರುಗಿಸಿದೆ. ಆ ಹೊತ್ತಿನಲ್ಲಿ ಒಲೆಯೂ ಮಗಳ ಪಾಠವೂ ನನ್ನವು. ಮೊದಲು ಕೆಲವು ದಿನ ಅವಳು ಆ ಗಂಟೆಯನ್ನು ನಿದ್ದೆಗೆ ಬಳಸಿದಳು. ಅದೂ ನನಗೊಂದು ಪಾಠ. ಬಾಕಿಯಾದ ನಿದ್ದೆ ತೀರಿದ ಮೇಲೆ ನೆರೆಯ ಇಬ್ಬರು ಹೆಂಗಸರೊಡನೆ ಪದವಿನ ಕಡೆಗೆ ನಡೆಯಹೊರಟಳು. ಚಪ್ಪಲಿ ಕಚ್ಚುತ್ತದೆಂದು ನನ್ನ ಹಳೆಯ ಕ್ಯಾನ್ವಾಸ್ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡಳು. ಸೀರೆಯ ಕೆಳಗೆ ಬೂಟನ್ನು ಕಂಡು ನಕ್ಕವರು ನಕ್ಕರು. ಅವಳು ನಡೆದಳು.

ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5000 ಮೀಟರು, 10000 ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದ ಓಟಗಾರ. ಬಟ್ಟೆ ಒಗೆಯಬೇಕಾಗಿ ಬಂದಾಗ ಸ್ನಾನದ ತೊಟ್ಟಿಯಲ್ಲಿ ಬಟ್ಟೆ ಹಾಕಿ ಅದರ ಮೇಲೆ ನಿಂತಲ್ಲೇ ಓಡುತ್ತಿದ್ದನಂತೆ. ಮನೆಗೆಲಸವೂ ಆಯಿತು, ಸಾಧನೆಯೂ ಆಯಿತು. ಈ ಕತೆಯನ್ನು ಹೇಳುವವರು ಅವನ ಹೆಂಡತಿ ಡಾನಾಳನ್ನು ಮರೆಯಬಾರದು. ಅವನು 5000 ಮೀಟರು ಗೆದ್ದ ದಿನವೇ ಅವಳು ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದಳು. ಒಂದೇ ಮನೆಯಲ್ಲಿ ಇಬ್ಬರಿಗೂ ಹೊತ್ತು ಸಿಕ್ಕಿದ್ದರಿಂದಲೇ ಇದು ಸಾಧ್ಯವಾಯಿತು.

ನಮ್ಮ ಕರಾವಳಿಯ ಹವೆಗೆ ತಕ್ಕ ಕೆಲವು ಎಚ್ಚರಿಕೆಗಳೂ ಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಆರಂಭಿಸುವ ಮೊದಲು ವೈದ್ಯರಿಗೆ ತೋರಿಸಬೇಕು. ಎದೆ ಬಿಗಿಯುವುದು, ತಲೆ ತಿರುಗುವುದು ಕಂಡರೆ ಹಟ ಸಲ್ಲದು, ಕೂಡಲೇ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯಲ್ಲಿ ನೀರಿನಂಶ ಹೆಚ್ಚಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆ ದಿನಗಳಲ್ಲಿ ಸೂರ್ಯ ಏಳುವ ಮೊದಲೇ ಮುಗಿಸಬೇಕು, ವೇಗವನ್ನು ತಗ್ಗಿಸಬೇಕು. ಉಪ್ಪು ಹಾಕಿದ ಗಂಜಿತಿಳಿ, ನೀರು ಮಜ್ಜಿಗೆಗಳಿಗಿಂತ ಒಳ್ಳೆಯ ಪಾನೀಯವನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಹಾವಸೆ ಕಟ್ಟಿ ಕಾಲು ಜಾರುತ್ತದೆ. ಆಗ ಜಗಲಿಯ ಮೆಟ್ಟಿಲನ್ನೇ ಇಪ್ಪತ್ತು ನಿಮಿಷ ಹತ್ತಿಳಿದರೆ ಸಾಕು. ಮಳೆ ಬಿಟ್ಟ ಭಾನುವಾರಗಳಲ್ಲಿ ನಾವು ಮನೆಮಂದಿಯೆಲ್ಲ ಬಂಟ್ವಾಳ ತಾಲೂಕಿನ ಕಾರಿಂಜಕ್ಕೆ ಹೋಗುತ್ತಿದ್ದೆವು. ನಡುಬೆಟ್ಟದಲ್ಲಿ ಪಾರ್ವತಿ, ನೆತ್ತಿಯಲ್ಲಿ ಈಶ್ವರ. ದೇವರ ದರ್ಶನವೂ ಆಗುತ್ತಿತ್ತು, ವಾರದ ದೊಡ್ಡ ಶ್ರಮವೂ ಆಗುತ್ತಿತ್ತು. ಮಗಳು ಮೆಟ್ಟಿಲು ಎಣಿಸುತ್ತಿದ್ದಳು. ಒಂದು ಸಲದ ಲೆಕ್ಕ ಇನ್ನೊಂದು ಸಲಕ್ಕೆ ತಾಳೆಯಾದುದಿಲ್ಲ.

ಹೀಗೆ ಓಡಿ ನಾನು ಯಾವ ಪದಕವನ್ನೂ ಗೆಲ್ಲಲಿಲ್ಲ. ನೋಟುಪುಸ್ತಕದ ಮೈಲಿಗಳು ಅರ್ಧಕ್ಕಿಂತ ಕೆಳಗಿಳಿದವು. ಆದರೆ ಹುಚ್ಚಿನಿಂದ ಓಡಿದ್ದು ಒಂದು ವರ್ಷವೂ ಬಾಳಲಿಲ್ಲ. ಕೇಳಿ ಓಡಿದ್ದು ಇಪ್ಪತ್ತು ವರ್ಷ ಬಾಳಿತು. ತಾಳಿದವನು ಬಾಳಿಯಾನು ಎಂಬ ಗಾದೆಗೆ ನಾನು ಒಂದು ಮಾತನ್ನು ಸೇರಿಸಬಯಸುತ್ತೇನೆ: ನಾವು ತಾಳುವುದು ಕಲಿಯಬೇಕಾದರೆ ನಮ್ಮನ್ನು ತಾಳಿಕೊಂಡವರ ಲೆಕ್ಕವನ್ನು ಮೊದಲು ಇಡಬೇಕು.

ನಿವೃತ್ತನಾದ ಮೇಲೆ ಒಂದು ಜನವರಿಯಲ್ಲಿ ನಾವು ಮೂವರೂ ಗಡಾಯಿಕಲ್ಲಿಗೆ ಹೋದೆವು. ನನ್ನ ಬಲ ಮೊಣಕಾಲು ಈಗ ಅಷ್ಟೊಂದು ವಿಧೇಯವಲ್ಲ. ಹಿಂದೆ ನಾನು ಎದೆ ಹಿಡಿದು ಕುಳಿತಿದ್ದ ಮೆಟ್ಟಿಲ ಹತ್ತಿರ ಮತ್ತೆ ಕುಳಿತೆ, ಈ ಸಲ ಮೊಣಕಾಲು ಹಿಡಿದುಕೊಂಡು. ಮಗಳು ಜತೆಗೆ ನಿಲ್ಲಲು ಹೊರಟಾಗ ನಾನು ಬೇಡವೆಂದೆ. ನನ್ನಾಕೆ ನಿಂತು ನೋಡಿ, “ನೀವು ನಿಧಾನವಾಗಿ ಬನ್ನಿ” ಎಂದು ಹೇಳಿ ಮೇಲೆ ಹತ್ತಿದಳು. ನಾನೂ ಬಹಳ ಹೊತ್ತಿನ ಮೇಲೆ ನೆತ್ತಿಯನ್ನು ಮುಟ್ಟಿದೆ. ಅವಳು ಕೋಟೆಯ ಗೋಡೆಗೆ ಒರಗಿ ಕುಳಿತು, ಬುತ್ತಿ ಬಿಚ್ಚದೆ ಕಾಯುತ್ತಿದ್ದಳು.